ಹೊಸ್ತಿಲೊಳಗಿನ ಬೇಸಗೆ

2020ನೆಯ ಇಸವಿಯ ಮಾರ್ಚ್ 25ರಂದು ಚಾಂದ್ರಮಾನ ಯುಗಾದಿ. ಶಾರ್ವರಿ ಸಂವತ್ಸರವು ಕಾಲಿರಿಸಿದ ದಿನ. ಬಾಗಿಲಿಗೆ ಮಾವಿನ ತೋರಣ ಕಟ್ಟಿ, ಎಣ್ಣೆನೀರು ಎರೆದುಕೊಂಡು, ಹಿರಿಯರ ಕಾಲಿಗೆರಗಿ, ಸಂಜೆಗೆ ನೆಂಟರಿಷ್ಟರ ಮನೆಗಳಿಗೆ ಹೋಗಿ ಬೇವುಬೆಲ್ಲ ಹಂಚಿಬರುವ ಹಬ್ಬವದು. ಆ ವರ್ಷ ಮಾತ್ರ ಬೇವುಬೆಲ್ಲವು ಹೊಸ್ತಿಲನ್ನು ದಾಟಲಿಲ್ಲ. ಕೋವಿಡ್-19 ಎಂಬ ಬೇನೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಅದೇ ತಿಂಗಳ 11ರಂದು ಜಗತ್ತನ್ನೇ ವ್ಯಾಪಿಸಿದ ಸಾಂಕ್ರಾಮಿಕವೆಂದು ಹೇಳಿತ್ತು. ಯುಗಾದಿಯ ದಿನದಿಂದಲೇ ಭಾರತದಾದ್ಯಂತ 21 ದಿನಗಳ ಲಾಕ್‌ಡೌನ್ ಜಾರಿಗೆ ಬಂದಿತು. ಆ 21 ದಿನಗಳು ಹಂತಹಂತವಾಗಿ ಬೆಳೆದು, ಮೇ 31ರ ವೇಳೆಗೆ 68 ದಿನಗಳಾದವು. ಶರ್ವರಿಯೆಂದರೆ ಇರುಳು. ಸಂವತ್ಸರದ ಹೆಸರಿಗೂ ಒದಗಿದ ಕೇಡಿಗೂ ನಂಟು ಕಲ್ಪಿಸಿ ಮಾತನಾಡಿದವರುಂಟು. ಅರವತ್ತು ಹೆಸರುಗಳು ಸರದಿಯಂತೆ ಬರುತ್ತವೆಯೇ ಹೊರತು ಕಾಲದ ಗುಣವನ್ನು ನೋಡಿ ಬರುವುದಿಲ್ಲ; ಆದರೂ ಹೆಸರು ಹೊಂದಿಕೊಂಡದ್ದು ನಿಜ.

ಮಹಾಮಾರಿಯ ಕಾಲದಲ್ಲಿ ಮನೆಯನ್ನು ಬಿಟ್ಟು ಕದಲಬಾರದೆಂಬ ಅಪ್ಪಣೆಯನ್ನು ಕನ್ನಡನಾಡಿನ ಹಿಂದಿನ ತಲೆಮಾರಿನವರು ಕೇಳಿದ್ದರೆ ಬೆರಗಾಗುತ್ತಿದ್ದರು. ಅವರು ಕಂಡದ್ದು ಇದಕ್ಕೆ ತೀರ ವಿರುದ್ಧವಾದ ರೀತಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಮನೆಯಲ್ಲಿ ಇಲಿ ಸತ್ತು ಬಿದ್ದಿತೆಂದರೆ ಜನರು ಗಂಟುಮೂಟೆ ಕಟ್ಟಿ, ಊರಾಚೆಯ ಹೊಲಗಳಲ್ಲಿ ಗರಿಯ ಗುಡಿಸಲುಗಳನ್ನು ಹಾಕಿಕೊಂಡು ತಿಂಗಳುಗಟ್ಟಲೆ ವಾಸಮಾಡುತ್ತಿದ್ದರು. ಪ್ಲೇಗನ್ನು ಇಲಿಯ ಮೈಮೇಲಿನ ಚಿಗಟವು ಮನುಷ್ಯನಿಗೆ ಅಂಟಿಸುತ್ತದೆ. ಇಲಿಯ ಮನೆ ಮನುಷ್ಯನ ಮನೆಯೇ ಆದುದರಿಂದ, ಮನೆಯನ್ನು ತೊರೆದರೆ ರೋಗವನ್ನು ತೊರೆದಂತಾಗುತ್ತಿತ್ತು. ಕೋವಿಡಿನ ವೈರಾಣುವಾದರೋ ಮನುಷ್ಯನ ಉಸಿರಿನಿಂದ ಮನುಷ್ಯನ ಉಸಿರಿಗೆ ದಾಟುವಂಥದು. ಇಲ್ಲಿ ಇಲಿಯ ಪಾತ್ರವನ್ನು ಮನುಷ್ಯನೇ ವಹಿಸಿಕೊಂಡಿದ್ದನು. ಆದಕಾರಣ ಸಂತೆ, ಜಾತ್ರೆ, ಮದುವೆ, ಶಾಲೆ ಎಲ್ಲವೂ ನಿಂತವು. ಒಂದು ರೋಗ ಜನರನ್ನು ಮನೆಯಿಂದ ಹೊರಕ್ಕೆ ಅಟ್ಟಿತ್ತು. ಇನ್ನೊಂದು ಒಳಕ್ಕೆ ಅಟ್ಟಿತು.

ಒಳಗೆ ಸೇರಿದ ಮೇಲೆ ಮೊದಲು ಬದಲಾದದ್ದು ಬಾಗಿಲ ಬಳಿಯ ನಡವಳಿಕೆ. ಜಗಲಿಯ ಮೇಲೆ ಬಕೆಟ್ಟು ನೀರು, ಪಕ್ಕದಲ್ಲಿ ಸಾಬೂನು. ಹಿಂದೆ ಹಳ್ಳಿಯ ಮನೆಗಳಲ್ಲಿ ಹೊರಗಿನಿಂದ ಬಂದವರು ಕೈಕಾಲು ತೊಳೆದೇ ಒಳಗೆ ಬರುತ್ತಿದ್ದರು. ನಗರದ ಮನೆಗಳಲ್ಲಿ ಮರೆತೇಹೋಗಿದ್ದ ಆ ಪದ್ಧತಿ ಮರಳಿತು. ಸಾಬೂನಿನ ಕೆಲಸ ಸರಳವಾದುದು. ಈ ವೈರಾಣುವಿನ ಮೇಲೆ ಜಿಡ್ಡಿನ ಒಂದು ಹೊದಿಕೆಯಿದೆ. ಸಾಬೂನಿನ ಅಣುವಿಗೆ ಎರಡು ತುದಿಗಳು: ಒಂದು ನೀರನ್ನು ಹಿಡಿಯುತ್ತದೆ, ಇನ್ನೊಂದು ಜಿಡ್ಡನ್ನು ಹಿಡಿಯುತ್ತದೆ. ಇಪ್ಪತ್ತು ಸೆಕೆಂಡುಗಳ ಕಾಲ ಕೈಯುಜ್ಜಿದರೆ ಹೊದಿಕೆ ಹರಿದು ವೈರಾಣುವು ನಿಷ್ಫಲವಾಗುತ್ತದೆ. ಎಣ್ಣೆಯ ಪಾತ್ರೆಯನ್ನು ಸೀಗೆಪುಡಿಯಿಂದ ಉಜ್ಜಿ ಬೆಳಗಿದವರಿಗೆ ಇದು ಅರ್ಥವಾಗದ ಮಾತಲ್ಲ. ಕೆಲವರು ತರಕಾರಿಗೂ ಸಾಬೂನು ಹಚ್ಚಿ ತೊಳೆದದ್ದು ಮಾತ್ರ ಅತಿಯಾಯಿತು. ವಸ್ತುಗಳನ್ನು ಮುಟ್ಟುವುದಕ್ಕಿಂತ, ಗಾಳಿಯಾಡದ ಕೋಣೆಯಲ್ಲಿ ಒಬ್ಬರ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುವುದೇ ರೋಗದ ಮುಖ್ಯ ದಾರಿಯೆಂಬುದು ಬರಬರುತ್ತ ಸ್ಪಷ್ಟವಾಯಿತು. ಬಯಲಿನಲ್ಲಿ ಉಸಿರು ಚೆದುರಿಹೋಗುತ್ತದೆ. ಹಾಗಾಗಿ, ಹಿತ್ತಲಿದ್ದ ಮನೆಯವರು ತಮಗೆ ತಿಳಿಯದೆಯೇ ದಿನದ ಬಹುಪಾಲನ್ನು ಕ್ಷೇಮವಾದ ಎಡೆಯಲ್ಲಿ ಕಳೆದರೆಂದು ಹೇಳಬಹುದು.

ಹಿತ್ತಲೆಂಬುದು ಅಷ್ಟುಹೊತ್ತಿಗೆ ಅನೇಕ ಮನೆಗಳಲ್ಲಿ ಮುರಿದ ಕುರ್ಚಿ, ಒಡೆದ ಬಕೆಟ್ಟು, ಹಳೆಯ ಹೆಂಚುಗಳ ಉಗ್ರಾಣವಾಗಿತ್ತು. ಕೈಗೆ ಬಿಡುವು ಬಂದಾಗ ಗುದ್ದಲಿಯ ನೆನಪಾಯಿತು. ಬೀಜಕ್ಕಾಗಿ ಅಂಗಡಿಗೆ ಹೋಗುವಂತಿರಲಿಲ್ಲ. ಆದರೆ ಅಡುಗೆಮನೆಯ ಒಗ್ಗರಣೆ ಡಬ್ಬಿಯೇ ಒಂದು ಪುಟ್ಟ ಬೀಜದಂಗಡಿ. ಅದರಲ್ಲಿ ಮೆಂತ್ಯವಿದೆ, ಸಾಸಿವೆಯಿದೆ, ಒಣಮೆಣಸಿನಕಾಯಿಯಿದೆ. ಪಕ್ಕದ ಡಬ್ಬಿಯಲ್ಲಿ ಕೊತ್ತಂಬರಿಯಿದೆ. ಕೊತ್ತಂಬರಿಯ ಒಂದು ಕಾಳಿನೊಳಗೆ ಎರಡು ಬೀಜಗಳಿರುವುದರಿಂದ ಅದನ್ನು ಮೆಲ್ಲಗೆ ಹೊಸಕಿ ಎರಡು ಹೋಳು ಮಾಡಿ ಬಿತ್ತಬೇಕು. ಕೊಳೆತ ಟೊಮೇಟೊ ಹಣ್ಣೂ ಬೀಜವಾಗುತ್ತದೆ. ಪುದೀನದ ಎಲೆ ಬಿಡಿಸಿದ ಕಡ್ಡಿಯನ್ನು ಲೋಟದ ನೀರಿನಲ್ಲಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಬೇರೊಡೆಯುತ್ತದೆ. ಬಸಳೆಗೂ ದೊಡ್ಡಪತ್ರೆಗೂ ಒಂದು ಗೇಣು ತುಂಡು ಸಾಕು. ಇಷ್ಟರ ಮೇಲೆ ಬೆಂಡೆಯ ಬೀಜವೋ ಹೀರೆಯ ಬೀಜವೋ ಬೇಕಾದರೆ ನೆರೆಮನೆಯ ಅಜ್ಜಿಯ ಗಂಟಿನಿಂದ ಕಾಂಪೌಂಡು ಗೋಡೆಯ ಮೇಲೆ ಬಂದು ಕುಳಿತಿರುತ್ತಿತ್ತು. ಕೊಡುವವರು ಇಟ್ಟು ಹಿಂದೆ ಸರಿಯುವುದು, ತೆಗೆದುಕೊಳ್ಳುವವರು ಆಮೇಲೆ ಮುಂದೆ ಬರುವುದು. ಕೈಯಿಂದ ಕೈಗೆ ಕೊಡದೆ ಇಟ್ಟು ಸರಿಯುವ ಈ ರೀತಿ ಈ ನಾಡಿಗೆ ಹೊಸದೇನಲ್ಲ. ಹಿಂದೆ ಅದು ಹುಟ್ಟಿನ ಕಾರಣದಿಂದ ಕೆಲವರ ಮೇಲೆ ಹೇರಲಾದ ಅವಮಾನವಾಗಿತ್ತು. ಆ ಬೇಸಗೆಯಲ್ಲಿ ಎಲ್ಲರೂ ಎಲ್ಲರಿಗೂ ಪಾಲಿಸಿದ ಎಚ್ಚರಿಕೆಯಾಗಿತ್ತು. ಎರಡನ್ನೂ ಒಂದೇ ಎನ್ನಲಾಗದು.

ಬಿತ್ತಿದವರಿಗೆ ಲಾಕ್‌ಡೌನಿನ ದಿನಗಳನ್ನು ಎಣಿಸಲು ಒಂದು ಹೊಸ ಪಂಚಾಂಗವೇ ದೊರೆಯಿತು. ಯುಗಾದಿಯಂದು ಬಿತ್ತಿದ ಮೆಂತ್ಯ ಮೂರುನಾಲ್ಕು ದಿನಗಳಲ್ಲಿ ಮೊಳೆತು, ಏಪ್ರಿಲ್ 14ರ ಹೊತ್ತಿಗೆ, ಎಂದರೆ ಮೊದಲ 21 ದಿನಗಳು ಮುಗಿಯುವಷ್ಟರಲ್ಲಿ, ಎಳೆಯ ಸೊಪ್ಪಾಗಿ ಸಾರಿಗೆ ಒದಗಿತು. ಅದೇ ದಿನ ಲಾಕ್‌ಡೌನನ್ನು ಮೇ 3ರವರೆಗೆ ಮುಂದುವರಿಸಿದ ಸುದ್ದಿ ಬಂದಿತು. ಅಷ್ಟರೊಳಗೆ ಹರಿವೆ ಕೊಯ್ಲಿಗೆ ಬಂದಿತ್ತು. ಮೇ 3 ಹೋಗಿ 17 ಆಯಿತು, ಬೆಂಡೆ ಹೂಬಿಟ್ಟಿತು. ಬೆಂಡೆಯ ಹೂವನ್ನು ಲಕ್ಷ್ಯವಿಟ್ಟು ನೋಡಿದವರು ವಿರಳ. ತಿಳಿಹಳದಿಯ ದಳಗಳು, ನಡುವೆ ಕಡುಗೆಂಪಿನ ಬೊಟ್ಟು. ಬೆಳಗ್ಗೆ ಅರಳಿ ಅಂದೇ ಬಾಡುತ್ತದೆ. ದಾಸವಾಳವೂ ಹತ್ತಿಯೂ ಅದರ ಕುಲದವೇ ಎಂಬುದು ಹೂವಿನ ಮುಖದಿಂದಲೇ ತಿಳಿಯುತ್ತದೆ. ಹೂ ಬಾಡಿದ ಐದಾರು ದಿನಗಳಲ್ಲಿ ಎಳೆಗಾಯಿ ಸಿದ್ಧ. ಒಂದೆರಡು ದಿನ ಮರೆತರೆ ನಾರಾಗಿ, ಸಾಂಬಾರಿಗೂ ಒದಗುವುದಿಲ್ಲ.

ಬೇಸಗೆಯ ತೋಟಕ್ಕೆ ನೀರಿನದೇ ಚಿಂತೆ. ಬಯಲುಸೀಮೆಯಲ್ಲಿ ಏಪ್ರಿಲ್ ತಿಂಗಳೆಂದರೆ ಕುಡಿಯುವ ನೀರಿಗೇ ಕೊಡ ಹಿಡಿದು ಸಾಲು ನಿಲ್ಲುವ ಕಾಲ. ಕೈತೊಳೆಯಲು ಬೇರೆ ಹೆಚ್ಚಿನ ನೀರು ಬೇಕಾಗಿದ್ದ ವರ್ಷವದು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಬಚ್ಚಲಿಗೆ ಹೋಗುವ ಬದಲು ಗಿಡಗಳ ಪಾಲಾದವು. ಒಣಗಿದ ತರಗೆಲೆಗಳನ್ನು ಗಿಡದ ಬುಡಕ್ಕೆ ಹೊದಿಸಿದರೆ ಬಿಸಿಲು ನೆಲವನ್ನು ನೇರವಾಗಿ ಮುಟ್ಟದೆ ತೇವ ಉಳಿಯುತ್ತದೆ. ಇನ್ನೊಂದು ಹಳೆಯ ಉಪಾಯ ಮಡಕೆಯದು. ಸುಟ್ಟ ಮಣ್ಣಿನ, ಹೊಳಪು ಬಳಿಯದ ಮಡಕೆಯನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂತು, ನೀರು ತುಂಬಿ ಮುಚ್ಚಳ ಹಾಕಬೇಕು. ಮಡಕೆಯ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ. ಸುತ್ತಲಿನ ಮಣ್ಣು ಒಣಗಿದಾಗ ಅದು ನೀರನ್ನು ಹೀರಿಕೊಳ್ಳುತ್ತದೆ. ಮಣ್ಣು ತೊಯ್ದಾಗ ಹೀರುವುದು ತಾನೇ ತಗ್ಗುತ್ತದೆ. ಗಿಡಕ್ಕೆ ಎಷ್ಟು ಬೇಕೋ ಅಷ್ಟೇ. ಬೇಸಗೆಯಲ್ಲಿ ಕುಡಿಯುವ ನೀರನ್ನು ತಂಪಾಗಿರಿಸುವುದೂ ಈ ರಂಧ್ರಗಳೇ. ಅಶ್ವಿನಿ, ಭರಣಿ ಮಳೆಗಳು ಬೀಳುವವರೆಗೆ ಇಂಥ ಉಪಾಯಗಳಿಂದಲೇ ಗಿಡಗಳು ಜೀವ ಹಿಡಿದವು. ಭರಣಿಗೂ ಧರಣಿಗೂ ಗಾದೆ ಕಟ್ಟಿದ ರೈತನಿಗೆ ಆ ಮಳೆಯ ಬೆಲೆ ಚೆನ್ನಾಗಿ ತಿಳಿದಿತ್ತು.

ಅಡುಗೆಮನೆಯ ಸಿಪ್ಪೆಯೂ ಮಣ್ಣಿಗೆ ಮರಳಿತು. ಈರುಳ್ಳಿ ಸಿಪ್ಪೆ, ಚಹದ ಚರಟ, ಬಾಳೆಹಣ್ಣಿನ ಸಿಪ್ಪೆಗಳನ್ನು ಒಂದು ಪದರ, ಒಣ ಎಲೆಯನ್ನು ಒಂದು ಪದರ ಹಾಕುತ್ತ ಹೋದರೆ ಎರಡು ಮೂರು ತಿಂಗಳಲ್ಲಿ ಕಪ್ಪನೆಯ ಗೊಬ್ಬರವಾಗುತ್ತದೆ. ವಾಸನೆ ಬಂದರೆ ತೇವ ಹೆಚ್ಚಿತೆಂದೂ ಗಾಳಿ ಸಾಲದೆಂದೂ ತಿಳಿಯಬೇಕು.

ಮನೆಯ ಮೇಲ್ಭಾಗದಲ್ಲಿ, ಎಂದರೆ ತಾರಸಿಯಲ್ಲಿ, ಬೇಸಗೆಯ ಇನ್ನೊಂದು ಕಾರ್ಯ ನಡೆದಿತ್ತು. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಇವೆಲ್ಲ ಬಿಸಿಲನ್ನು ಮಳೆಗಾಲಕ್ಕೆಂದು ಕೂಡಿಡುವ ವಿಧಾನಗಳು. ನೀರಿಲ್ಲದೆಡೆ ಬೂಷ್ಟು ಬೆಳೆಯಲಾರದು; ಉಪ್ಪು ಇರುವ ನೀರನ್ನೂ ಎಳೆದುಕೊಳ್ಳುತ್ತದೆ. ಉಪ್ಪಿನಕಾಯಿಯ ಮಿಡಿ ಸುಕ್ಕುಗಟ್ಟುವುದು ಇದೇ ಕಾರಣದಿಂದ. ಮೊದಲು ಹಪ್ಪಳವೆಂದರೆ ಕೇರಿಯ ಹೆಂಗಸರು ಒಂದೆಡೆ ಕಲೆತು, ಮಾತು ನಗೆಗಳ ನಡುವೆ ಲಟ್ಟಿಸುವ ಕೆಲಸವಾಗಿತ್ತು. ಆ ವರ್ಷ ಒಂದೊಂದು ತಾರಸಿಯಲ್ಲಿ ಒಂದೊಂದೇ ಚಾಪೆ. ಮನೆಯ ಗಂಡಸರೂ ಮಕ್ಕಳೂ ಹಿಟ್ಟಿಗೆ ಕೈಹಾಕಿದರು. ಚೌಕಾಬಾರ, ಅಳಗುಳಿಮಣೆಗಳೂ ಅಟ್ಟದಿಂದ ಇಳಿದವು. ಆದರೆ ಇದನ್ನೆಲ್ಲ ಬರಿಯ ಸಂಭ್ರಮವೆಂದು ಬಣ್ಣಿಸುವುದು ಸರಿಯಾಗದು. ದಿನವಿಡೀ ಎಲ್ಲರೂ ಮನೆಯಲ್ಲಿದ್ದರೆ ಒಲೆಯೂ ದಿನವಿಡೀ ಉರಿಯುತ್ತದೆ. ಮೂರು ಹೊತ್ತಿನ ಅಡುಗೆ ಐದು ಹೊತ್ತಿನದಾದಾಗ ತಾಯಂದಿರಿಗೆ ಬಿಡುವೆಂಬುದೇ ಉಳಿಯಲಿಲ್ಲ. ಮನೆಗೆಲಸಕ್ಕೆ ಎಷ್ಟು ಗಂಟೆಗಳು ಹಿಡಿಯುತ್ತವೆಂಬುದನ್ನು ಆ ಬೇಸಗೆಯಲ್ಲಿ ಮೊದಲ ಬಾರಿಗೆ ಕಣ್ಣಾರೆ ಕಂಡ ಯಜಮಾನರು ಕಡಮೆಯಿಲ್ಲ. ಕಂಡ ಮೇಲೆ ಸೌಟು ಹಿಡಿದವರು ಎಷ್ಟು ಮಂದಿಯೆಂಬುದು ಬೇರೆ ಮಾತು.

ವಾಹನಗಳ ಸದ್ದು ನಿಂತಾಗ ಹಕ್ಕಿಗಳು ಹೆಚ್ಚಿದವೆಂದು ನಗರದವರು ಹೇಳಿಕೊಂಡರು. ಹಲವು ಕಡೆ ಹೆಚ್ಚಿದ್ದು ಹಕ್ಕಿಗಳಲ್ಲ, ಕೇಳುವ ಕಿವಿಗಳು. ಕೋಗಿಲೆ, ಮಡಿವಾಳ, ಮರದ ತುದಿಯಲ್ಲಿ ಕುಳಿತು ತಾಮ್ರದ ಪಾತ್ರೆ ತಟ್ಟಿದಂತೆ ಟಕ್ ಟಕ್ ಎನ್ನುವ ಚೆಂಬುಕುಟಿಗ, ಇವೆಲ್ಲ ಹಿಂದಿನ ಬೇಸಗೆಗಳಲ್ಲಿಯೂ ಇದ್ದಂಥವೇ. ಆದರೂ ಹಕ್ಕಿಗಳ ಹಾಡು ಸ್ವಲ್ಪ ಬದಲಾದದ್ದುಂಟು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಪ್ರದೇಶದ ಒಂದು ಜಾತಿಯ ಗುಬ್ಬಚ್ಚಿಗಳನ್ನು 2020ರಲ್ಲಿ ಪರೀಕ್ಷಿಸಿದ ವಿಜ್ಞಾನಿಗಳು, ಗದ್ದಲವಡಗಿದ ಮೇಲೆ ಅವು ಮೊದಲಿಗಿಂತ ಮೆಲುದನಿಯಲ್ಲಿ ಹಾಡುತ್ತಿದ್ದವೆಂದೂ, ಆ ಮೆಲುದನಿಯೇ ಮೊದಲಿಗಿಂತ ದೂರಕ್ಕೆ ಕೇಳುತ್ತಿದ್ದಿತೆಂದೂ ಕಂಡುಕೊಂಡರು.

ಹಿತ್ತಲೂ ತಾರಸಿಯೂ ಎಲ್ಲರಿಗೂ ಇರಲಿಲ್ಲ. ಒಂದೇ ಕೋಣೆಯಲ್ಲಿ ಐದಾರು ಮಂದಿ ಬಾಳುವ ಮನೆಯಲ್ಲಿ ಅಂತರವೆಂಬ ಮಾತಿಗೆ ಅರ್ಥವಿಲ್ಲ. ಕಲಬುರಗಿ, ರಾಯಚೂರು, ಯಾದಗಿರಿಗಳಿಂದ ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಂದಿದ್ದವರಿಗೆ ಕೆಲಸವೂ ನಿಂತು, ಮನೆಯೂ ದೂರವಾಯಿತು. ಕೂಸುಗಳನ್ನು ಹೆಗಲಿಗೇರಿಸಿ ಊರಿನ ದಾರಿ ಹಿಡಿದು ನಡೆದವರೂ ಇದ್ದರು. ಬೇರೆ ರಾಜ್ಯಗಳ ಕೂಲಿಕಾರರಿಗಾಗಿ ಶ್ರಮಿಕ ರೈಲುಗಳು ಹೊರಟದ್ದು ಮೇ 1ರಿಂದ. ಇತ್ತ ಹಳ್ಳಿಗಳಲ್ಲಿ ಬೆಳೆದದ್ದು ಕೈಗೆ ಬಂದರೂ ಬಾಯಿಗೆ ಬರಲಿಲ್ಲ. ದೇವಸ್ಥಾನಗಳು ಮುಚ್ಚಿ ಮದುವೆಗಳು ಮುಂದೆ ಹೋದುದರಿಂದ ಸೇವಂತಿಗೆ, ಚೆಂಡುಹೂಗಳಿಗೆ ಕೊಳ್ಳುವವರಿಲ್ಲದಾದರು. ಸೊಪ್ಪು ತರಕಾರಿ ಹೇಗಾದರೂ ಒಬ್ಬರ ಹೊಟ್ಟೆ ಸೇರೀತು. ಹೂವನ್ನು ಏನು ಮಾಡುವುದು? ರೈತರು ಹೂಬಿಟ್ಟ ತೋಟಗಳನ್ನೇ ಉತ್ತುಹಾಕಿದರು. ರಾಜ್ಯ ಸರ್ಕಾರವು ಆ ಮೇ ತಿಂಗಳಿನಲ್ಲಿ ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿಗಳ ಪರಿಹಾರವನ್ನು ಘೋಷಿಸಿತು. ಪಟ್ಟಣದಲ್ಲಿ ಕುಂಡದಲ್ಲರಳಿದ ಒಂದು ಸೇವಂತಿಗೆಯನ್ನು ಕಂಡು ಮನೆಮಂದಿ ಹಿಗ್ಗಿದ ದಿನಗಳಲ್ಲಿಯೇ ಹಳ್ಳಿಯಲ್ಲಿ ಸೇವಂತಿಗೆಯ ಎಕರೆಗಳು ನೇಗಿಲಿಗೆ ಸಿಕ್ಕಿದವು.

ಜೂನ್ ತಿಂಗಳಿನಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದವು. ಮಾರ್ಚಿಯಲ್ಲಿ ನಿಂತಿದ್ದ ಎಸ್‌ಎಸ್‌ಎಲ್‌ಸಿ ಪರೀಕ್ಷೆಯು ಜೂನ್ 25ರಂದು ಆರಂಭವಾಯಿತು. ಮಕ್ಕಳು ಮುಖಕ್ಕೆ ಮಾಸ್ಕ್ ಧರಿಸಿ ಬರೆದರು. ಹಿತ್ತಲುಗಳಲ್ಲಿ ಮುಂಗಾರಿನ ಕಳೆ ತಲೆಯೆತ್ತಿತು. ಹಲವರು ಕಚೇರಿಗೆ ಮರಳಿ ಗುದ್ದಲಿಯನ್ನು ಮರೆತರು. ಮರೆಯದವರು ಮಾತ್ರ ಬಲಿತ ಎರಡು ಬೆಂಡೆಕಾಯಿಗಳನ್ನು ಗಿಡದಲ್ಲಿಯೇ ಒಣಗಲು ಬಿಟ್ಟು, ಬೀಜ ಬಿಡಿಸಿ, ಬೂದಿ ಬೆರೆಸಿ, ಬಟ್ಟೆಯ ಗಂಟಿನಲ್ಲಿ ಕಟ್ಟಿ ಅಡುಗೆಮನೆಯ ಗೂಟಕ್ಕೆ ತೂಗುಹಾಕಿದರು.

ಮರುವರ್ಷದ ಯುಗಾದಿ 2021ರ ಏಪ್ರಿಲ್ 13ರಂದು ಬಂದಿತು. ಗಂಟು ಬಿಚ್ಚಿ ಬೀಜ ಊರಿದ್ದಾಯಿತು. ಏಪ್ರಿಲ್ 27ರ ರಾತ್ರಿಯಿಂದ ಕರ್ನಾಟಕವು ಮತ್ತೆ ಬಾಗಿಲು ಮುಚ್ಚಿತು. ಈ ಸಲದ ಅಲೆ ಮೊದಲಿನದಕ್ಕಿಂತ ಕ್ರೂರವಾಗಿತ್ತು. ಹಾಸಿಗೆಗೂ ಆಮ್ಲಜನಕಕ್ಕೂ ಜನ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು. ಅನೇಕ ಮನೆಗಳಲ್ಲಿ ಒಂದು ಕೋಣೆಯ ಕದ ಒಳಗಿನಿಂದ ಮುಚ್ಚಿತ್ತು. ಊಟದ ತಟ್ಟೆಯನ್ನು ಆ ಹೊಸ್ತಿಲ ಬಳಿ ಇಟ್ಟು, ಕದ ತಟ್ಟಿ, ಹಿಂದೆ ಸರಿಯಬೇಕಾಗಿತ್ತು. ಹಿತ್ತಲಿನ ತುಳಸಿ, ಶುಂಠಿ, ಅಮೃತಬಳ್ಳಿಗಳ ಕಷಾಯವು ಗಂಟಲಿಗೆ ಹಿತವನ್ನೂ ಮಾಡಿಕೊಟ್ಟವರ ಮನಸ್ಸಿಗೆ ಸಮಾಧಾನವನ್ನೂ ತಂದಿತೆನ್ನಬಹುದು; ರೋಗವನ್ನು ತಡೆಯುವ ಶಕ್ತಿ ಅದಕ್ಕಿರಲಿಲ್ಲ. ಆ ಕೆಲಸ ಲಸಿಕೆಯದು. ಆ ವರ್ಷ ಜನವರಿ 16ರಂದು ಆರಂಭವಾಗಿದ್ದ ಲಸಿಕೆಯ ಕಾರ್ಯವು ಇನ್ನೂ ಬಹುಪಾಲು ಜನರನ್ನು ಮುಟ್ಟಿರಲಿಲ್ಲ. ಒಳಕೋಣೆಯಲ್ಲಿದ್ದವರಿಗೆ ಕಿಟಕಿಯೊಂದೇ ಹೊರಜಗತ್ತು. ಅದರಾಚೆ ಯುಗಾದಿಯಂದು ಊರಿದ ಬೆಂಡೆಯ ಸಸಿಗಳು ನಾಲ್ಕೆಲೆಗಳಾಗಿದ್ದವು. ನೀರು ಹಾಕುವ ಪಾಳಿ ಆ ದಿನಗಳಲ್ಲಿ ಮನೆಯ ಮಕ್ಕಳದಾಗಿತ್ತು.