ನಡೆದಾಡುವ ಭೂತ

ಸಾವಿಲ್ಲದ ವೀರರ ಕಥೆಗಳು ಎಲ್ಲ ನಾಡುಗಳಲ್ಲಿಯೂ ಉಂಟು. ಆದರೆ ಮರಣಾಧೀನನಾಗಿದ್ದೂ ಮರಣವನ್ನು ಗೆದ್ದ ವೀರನೊಬ್ಬನು ಚಿತ್ರಕಥೆಗಳ ಲೋಕದಲ್ಲಿದ್ದಾನೆ. ಅವನೇ ಫ್ಯಾಂಟಮ್. ಅಮೆರಿಕದ ಲೇಖಕರಾದ ಲೀ ಫಾಕ್ 1936ರ ಫೆಬ್ರವರಿ 17ರಂದು ದಿನಪತ್ರಿಕೆಗಳಲ್ಲಿ ಈ ಪಾತ್ರವನ್ನು ಓದುಗರ ಮುಂದಿರಿಸಿದರು. ಚಿತ್ರಗಳನ್ನು ಬರೆದವರು ರೇ ಮೂರ್. ಮೈಗಂಟಿದ ಉಡುಪು, ಕಣ್ಣುಗಳನ್ನು ಮರೆಮಾಡುವ ಮುಖವಾಡ ಇವು ಮುಂದೆ ಬಂದ ಅನೇಕ ಸಾಹಸಿಗಳ ವೇಷಕ್ಕೆ ಮೇಲ್ಪಂಕ್ತಿಯಾದವು. ಸೂಪರ್‌ಮ್ಯಾನ್ ಕಾಣಿಸಿಕೊಂಡದ್ದು ಎರಡು ವರ್ಷಗಳ ತರುವಾಯ, 1938ರಲ್ಲಿ.

ಫ್ಯಾಂಟಮನ ಕಥೆಯ ಮೂಲ ಸರಳವಾದುದು. ಕಡಲ್ಗಳ್ಳರ ದಾಳಿಯಲ್ಲಿ ತಂದೆಯನ್ನು ಕಳೆದುಕೊಂಡ ತರುಣನೊಬ್ಬನು 1536ರಲ್ಲಿ ಕಾಡಿನ ಅಂಚಿನ ಕಡಲತೀರವನ್ನು ಸೇರುತ್ತಾನೆ. ಬಂಡಾರ್ ಎಂಬ ಬುಡಕಟ್ಟಿನ ಜನರು ಅವನನ್ನು ಉಪಚರಿಸಿ ಬದುಕಿಸುತ್ತಾರೆ. ತಂದೆಯನ್ನು ಕೊಂದವನ ತಲೆಬುರುಡೆಯನ್ನು ಮುಟ್ಟಿ, ಕಡಲ್ಗಳ್ಳತನ, ಕ್ರೌರ್ಯ ಮತ್ತು ಅನ್ಯಾಯಗಳ ವಿರುದ್ಧ ತಾನೂ ತನ್ನ ವಂಶದವರೂ ಹೋರಾಡುವೆವೆಂದು ಅವನು ಶಪಥ ಮಾಡುತ್ತಾನೆ. ತಂದೆ ಮಡಿದಾಗ ಮಗನು ಅದೇ ಮುಖವಾಡವನ್ನು ಧರಿಸುತ್ತಾನೆ. ಚಿತ್ರಕಥೆಯ ನಾಯಕನು ಈ ಪರಂಪರೆಯ 21ನೆಯವನು. ಗುಟ್ಟನ್ನರಿಯದ ಜನರು ನಾನೂರು ವರ್ಷಗಳಿಂದ ಒಬ್ಬನೇ ಬದುಕಿರುವನೆಂದು ಭಾವಿಸಿ ಅವನನ್ನು ‘ನಡೆದಾಡುವ ಭೂತ’ವೆನ್ನುತ್ತಾರೆ. ಅವನು ಆಕಾಶದಲ್ಲಿ ಹಾರಲಾರನು. ಗುಂಡು ತಗುಲಿದರೆ ಗಾಯಗೊಳ್ಳುವನು. ಅವನ ಬಲವೆಲ್ಲ ಕೊಟ್ಟ ಮಾತಿನದು.

ಭಾರತದಲ್ಲಿ ಫ್ಯಾಂಟಮನನ್ನು ಮನೆಮಾತಾಗಿಸಿದ ಪುಸ್ತಕಮಾಲೆ ‘ಇಂದ್ರಜಾಲ ಕಾಮಿಕ್ಸ್’. ಮುಂಬಯಿಯ ಬೆನೆಟ್ ಕೋಲ್ಮನ್ ಸಂಸ್ಥೆಯು 1964ರ ಮಾರ್ಚ್ ತಿಂಗಳಲ್ಲಿ ಇದನ್ನು ಆರಂಭಿಸಿತು. ಇಂಗ್ಲಿಷಿನಲ್ಲಿಯಷ್ಟೇ ಅಲ್ಲದೆ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಈ ಮಾಲೆ ಪ್ರಕಟವಾಯಿತು. ‘ಸುಧಾ’ ವಾರಪತ್ರಿಕೆಯ ಮೂಲಕವೂ ಫ್ಯಾಂಟಮನು ಕನ್ನಡದ ಮನೆಗಳನ್ನು ಹೊಕ್ಕನು. ಹಿಂದಿಯಲ್ಲಿ ಅವನು ವೇತಾಳನಾದನು, ಬಂಗಾಳಿಯಲ್ಲಿ ಅರಣ್ಯದೇವನಾದನು. ಮೊದಲ ವರ್ಷಗಳ ಇಂದ್ರಜಾಲದ ಮುಖಪುಟಗಳನ್ನು ಚಿತ್ರಿಸಿದ ಬಿ. ಗೋವಿಂದ ಅವರ ಕುಂಚವನ್ನು ಸಂಗ್ರಾಹಕರು ಇಂದಿಗೂ ಮೆಚ್ಚುತ್ತಾರೆ. ಎಂಟುನೂರರಷ್ಟು ಸಂಚಿಕೆಗಳನ್ನು ಕಂಡ ಈ ಮಾಲೆ 1990ರಲ್ಲಿ ನಿಂತುಹೋಯಿತು.

ಸುಳ್ಯ ತಾಲೂಕಿನ ಗುತ್ತಿಗಾರಿನಂಥ ಊರಿನ ಓದುಗರಿಗೆ ಈ ವೀರನ ಕಲ್ಪನೆ ಪರಕೀಯವೆನಿಸಲಾರದು. ತುಳುನಾಡಿನಲ್ಲಿ ಭೂತವೆಂದರೆ ಹೆದರಿಸುವ ಪಿಶಾಚಿಯಲ್ಲ. ಊರನ್ನು ಕಾಯುವ, ವ್ಯಾಜ್ಯಗಳಲ್ಲಿ ನ್ಯಾಯ ನುಡಿಯುವ ದೈವ. ಕೋಲ ಕಟ್ಟುವ ಮನುಷ್ಯನಿಗೆ ಮುಪ್ಪು ಬರುತ್ತದೆ. ಆಗ ಮತ್ತೊಬ್ಬನು ಗಗ್ಗರ ಕಟ್ಟುತ್ತಾನೆ. ದೈವ ಮಾತ್ರ ಅದೇ. ಒಂದು ಆರಾಧನೆ, ಇನ್ನೊಂದು ಮನರಂಜನೆ. ಎರಡನ್ನೂ ಒಂದೇ ಎನ್ನಲಾಗದು. ಆದರೂ ವ್ಯಕ್ತಿ ಅಳಿದರೂ ಹೊಣೆ ಅಳಿಯದೆಂಬ ಭಾವನೆ ಎರಡರಲ್ಲಿಯೂ ಉಂಟು.

ಈ ಕಥೆಗಳಲ್ಲಿ ದೋಷವಿಲ್ಲದಿಲ್ಲ. ಕಾಡಿನ ಜನರಿಗೆ ನ್ಯಾಯ ಹೇಳಲು ಹೊರಗಿನಿಂದ ಬಂದ ಬಿಳಿಯನೇ ಬೇಕೆ ಎಂಬ ಪ್ರಶ್ನೆ ವಿಚಾರವಂತರಲ್ಲಿ ಏಳುವುದು ಸಹಜ. ವಸಾಹತು ಕಾಲದ ದೃಷ್ಟಿ ಅಲ್ಲಿ ಉಳಿದುಕೊಂಡಿದೆ. ಹಳೆಯ ಸಂಚಿಕೆಗಳನ್ನು ಕಾಪಾಡಬೇಕಾದುದಕ್ಕೆ ಇದೂ ಒಂದು ಕಾರಣ. ಒಂದು ಕಾಲ ಏನನ್ನು ಮೆಚ್ಚಿತು, ಯಾವುದನ್ನು ಪ್ರಶ್ನಿಸದೆ ಒಪ್ಪಿತು ಎಂಬುದನ್ನು ಆ ಪುಟಗಳೇ ಹೇಳಬಲ್ಲವು.

ಸಂಗ್ರಾಹಕರು ಇಂಥ ಪುಸ್ತಕಗಳನ್ನು ಅರಸುವುದೇಕೆ? ಹಣವೊಂದೇ ಕಾರಣವೆಂದು ತಿಳಿಯುವವರುಂಟು. ಸೂಪರ್‌ಮ್ಯಾನನ ಮೊದಲ ಕಥೆಯಿದ್ದ 1938ರ ಪುಸ್ತಕದ ಬೆಲೆ ಅಂದು 10 ಸೆಂಟು. ಅದರ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಮಾರಾಟವಾಯಿತು. ಈ ಬೆಲೆ ಹುಟ್ಟಿದ್ದು ವಿರಳತೆಯಿಂದ. ಚಿತ್ರಕಥೆ ಓದಿ ಎಸೆಯುವುದಕ್ಕೆಂದೇ ಅಚ್ಚಾದ ವಸ್ತು. ಮಕ್ಕಳ ಕೈಯಿಂದ ಕೈಗೆ ದಾಟಿ ಹರಿದದ್ದು ಕೆಲವು. ಗುಜರಿ ಅಂಗಡಿಗೆ ತೂಕಕ್ಕೆ ಹೋದದ್ದು ಹಲವು. ಆದರೆ ಬಹುಮಂದಿ ಸಂಗ್ರಾಹಕರು ಹುಡುಕುವುದು ತಮ್ಮ ಬಾಲ್ಯದ ಓದನ್ನು. ನಡುವೆ ತಪ್ಪಿದ ಒಂದು ಸಂಚಿಕೆಗಾಗಿ ಅವರು ವರ್ಷಗಟ್ಟಲೆ ಕಾಯುತ್ತಾರೆ.

ದೊರೆತುದನ್ನು ಉಳಿಸಿಕೊಳ್ಳುವುದು ಇನ್ನೂ ಕಷ್ಟ. ಅಗ್ಗದ ಕಾಗದದಲ್ಲಿರುವ ಲಿಗ್ನಿನ್ ಎಂಬ ಮರದ ಅಂಶವು ಗಾಳಿ ಬೆಳಕುಗಳಿಂದ ಹಳದಿಗಟ್ಟುತ್ತದೆ. ಕಾಗದದಲ್ಲಿನ ಆಮ್ಲವು ಪುಟವನ್ನು ಮುರುಕಲಾಗಿಸುತ್ತದೆ. ಪಶ್ಚಿಮ ಘಟ್ಟದ ತಪ್ಪಲಿನ ಗುತ್ತಿಗಾರಿನಲ್ಲಿ ಮಳೆಗಾಲದ ತೇವವೂ ಇದಕ್ಕೆ ಸೇರುತ್ತದೆ. ಬೂಷ್ಟು ಹಿಡಿಯುತ್ತದೆ, ಗೆದ್ದಲು ಏರುತ್ತದೆ, ಪುಸ್ತಕದ ನಡುವಿನ ಪಿನ್ನು ತುಕ್ಕುಗಟ್ಟಿ ಹಾಳೆಯನ್ನೇ ತಿನ್ನುತ್ತದೆ. ಪ್ರತಿಗಳನ್ನು ಬಿಸಿಲು ತಾಗದ ಒಣ ಸ್ಥಳದಲ್ಲಿ, ನೆಲಕ್ಕೂ ಗೋಡೆಗೂ ಸೋಂಕದಂತೆ ಇರಿಸಬೇಕು. ಹರಿದ ಪುಟಕ್ಕೆ ಅಂಟುಪಟ್ಟಿ ಹಚ್ಚಿದರೆ ಅದರ ಅಂಟೇ ಮುಂದೆ ಕಲೆಯಾಗುತ್ತದೆ.

ಇಂಗ್ಲಿಷ್ ಮೂಲದ ಕಥೆಗಳು ಹೊರದೇಶಗಳಲ್ಲಿ ಮತ್ತೆ ಮತ್ತೆ ಅಚ್ಚಾಗುತ್ತಿವೆ. ಕನ್ನಡದ ಪ್ರತಿ ಕಳೆದುಹೋದರೆ ಅದರೊಡನೆ ಅನುವಾದಕನೊಬ್ಬನ ಶ್ರಮ, ಆ ಕಾಲದ ಮಕ್ಕಳು ಓದಿದ ನುಡಿಗಟ್ಟು, ಕನ್ನಡದ ಓದಿನ ಚರಿತ್ರೆಯ ಒಂದು ಪುಟ ಎಲ್ಲವೂ ಅಳಿಯುತ್ತವೆ. ಲೀ ಫಾಕ್ 1999ರಲ್ಲಿ ತೀರಿಕೊಂಡರು. ಅವರ ವೀರನನ್ನು ಬೇರೆ ಲೇಖಕರು ಮುಂದುವರಿಸಿದರು. ಕಾಗದದ ಪುಸ್ತಕಕ್ಕೂ ಇದೇ ದಾರಿ. ಒಬ್ಬನು ಕಾಪಾಡಿ ಮತ್ತೊಬ್ಬನಿಗೆ ಒಪ್ಪಿಸಿದರೆ ಮಾತ್ರ ಅದು ಬಾಳುತ್ತದೆ.