ಐವತ್ತು ಲಕ್ಷದೊಳಗಿನ ಮನೆ ಮತ್ತು ಒಂಬತ್ತು ಮೀಟರ್ ಎತ್ತರ

ಬೆಂಗಳೂರಿನ ಒಂದು 30×40 ನಿವೇಶನದಲ್ಲಿ ಆರ್‌ಸಿಸಿ ಹಾಕುವ ದಿನದ ಲೆಕ್ಕ ನೋಡಿ. ಸಾವಿರ ಚದರಡಿ ವಿಸ್ತೀರ್ಣ, ಐದು ಅಂಗುಲ ದಪ್ಪದ ಚಾವಣಿಗೆ ಸುಮಾರು 12 ಘನ ಮೀಟರ್ ಕಾಂಕ್ರೀಟು ಬೇಕು. ತೂಕ 28 ಟನ್ನಿನ ಆಸುಪಾಸು. ಅದು ಗಟ್ಟಿಯಾಗುವ ತನಕ ಅಷ್ಟೂ ಭಾರವನ್ನು ಹೊರುವುದು ಸೆಂಟ್ರಿಂಗಿನ ಶೀಟುಗಳು, ಅವುಗಳಡಿ ನಿಲ್ಲಿಸಿದ ಸರ್ವೆ ಮರ ಇಲ್ಲವೇ ಕಬ್ಬಿಣದ ಜಾಕಿಗಳು. ಹಸಿ ಮಣ್ಣಿನಲ್ಲಿ ಒಂದು ಜಾಕಿ ಕುಸಿದರೆ ಅದರ ಪಾಲಿನ ಭಾರ ಪಕ್ಕದವುಗಳ ಮೇಲೆ ಬೀಳುತ್ತದೆ. ಅವೂ ಬಾಗಿದರೆ, ಮೇಲೆ ಬಾಂಡ್ಲಿ ಹಿಡಿದು ಸಾಲಾಗಿ ನಿಂತವರ ಸಮೇತ ಚಾವಣಿ ಕೆಳಗೆ ಬರುತ್ತದೆ.

ಇವರನ್ನು ಕಾಯಬೇಕಾದ ಕಾನೂನು ಈಗ ಬದಲಾಗಿದೆ. ನಿರ್ಮಾಣ ಕಾರ್ಮಿಕರ 1996ರ ಕಾಯ್ದೆಯೂ ಸೇರಿ 13 ಕಾಯ್ದೆಗಳ ಜಾಗದಲ್ಲಿ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಅದರಲ್ಲಿ ಒಳ್ಳೆಯದೂ ಇದೆ: ಹಿಂದೆ 500 ಕಾರ್ಮಿಕರಿದ್ದ ಕಾಮಗಾರಿಗೆ ಕಡ್ಡಾಯವಾಗಿದ್ದ ಸುರಕ್ಷಾ ಅಧಿಕಾರಿ ಈಗ 250 ಮಂದಿ ಇದ್ದರೂ ಇರಲೇಬೇಕು. ನನ್ನ ಆತಂಕ ಇರುವುದು ಕೆಳತುದಿಯಲ್ಲಿ. ಹತ್ತಕ್ಕಿಂತ ಕಡಿಮೆ ಜನರ ಕೆಲಸ ಮೊದಲಿನಂತೆಯೇ ವ್ಯಾಪ್ತಿಯ ಹೊರಗೆ. ಸ್ವಂತ ವಾಸದ ಮನೆಗೆ ಇದ್ದ 10 ಲಕ್ಷ ರೂಪಾಯಿ ವೆಚ್ಚದ ವಿನಾಯಿತಿ 50 ಲಕ್ಷಕ್ಕೆ ಏರಿದೆ.

ಇಷ್ಟು ವರ್ಷಗಳ ಬೆಲೆಯೇರಿಕೆಗೆ ತಕ್ಕಂತೆ ಮಿತಿ ಏರಿದೆಯಷ್ಟೇ ಎಂದು ಸಮರ್ಥಿಸಬಹುದು. ಆದರೆ ಚದರಡಿಗೆ 2,000 ರೂಪಾಯಿ ಹಿಡಿದರೂ 50 ಲಕ್ಷಕ್ಕೆ 2,500 ಚದರಡಿ ಕಟ್ಟಬಹುದು. ಅಂದರೆ ಇಕ್ಕಟ್ಟಾದ ನಿವೇಶನದಲ್ಲಿ ಮೂರು ಅಂತಸ್ತು, ಸುಮಾರು ಒಂಬತ್ತು ಮೀಟರ್ ಎತ್ತರ. ಅಲ್ಲಿಂದ ಕಾಲು ಜಾರಿದ ಗಾರೆ ಕೆಲಸದವ 1.4 ಸೆಕೆಂಡಿನಲ್ಲಿ, ಗಂಟೆಗೆ 48 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಅಪ್ಪಳಿಸುತ್ತಾನೆ. ಮೂರೇ ಮೀಟರಿನ ಸಾರುವೆಯಿಂದ ಬಿದ್ದರೂ ವೇಗ 27 ಕಿಲೋಮೀಟರ್ ದಾಟುತ್ತದೆ. ತಲೆ ಮೊದಲು ತಾಗಿದರೆ ಸಾಯಲು ಅಷ್ಟು ಸಾಕು. ಈ ವೇಗಕ್ಕೂ ಮನೆಯ ಒಟ್ಟು ಖರ್ಚಿಗೂ ಯಾವ ಸಂಬಂಧವೂ ಇಲ್ಲ.

ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರಿನ ಮಳೆಯಲ್ಲಿ ಬಹುಮಹಡಿ ಕಟ್ಟಡ ಕುಸಿದು 9 ಮಂದಿ ಸತ್ತಾಗ ರಾಜ್ಯವೆಲ್ಲ ತಿರುಗಿ ನೋಡಿತು. ಸಣ್ಣ ಮನೆಯಲ್ಲಿ ಒಬ್ಬರೇ ಬಿದ್ದಾಗ ಹಾಗಾಗುವುದಿಲ್ಲ. ಸಂಹಿತೆಯ ಹೊರಗಿರುವ ಮನೆಯಲ್ಲಿ ಅದರಡಿ ಅಪಘಾತ ವರದಿ ಮಾಡುವ ಹೊಣೆಯೂ ಯಾರ ಮೇಲೂ ಇಲ್ಲ. ಮೇಸ್ತ್ರಿ ಆಸ್ಪತ್ರೆಗೆ ಸಾಗಿಸುತ್ತಾನೆ, ಮಾಲೀಕ ಕೈಗೆ ಒಂದಿಷ್ಟು ಕೊಡುತ್ತಾನೆ, ಕುಟುಂಬ ರಾಯಚೂರಿಗೋ ಯಾದಗಿರಿಗೋ ಮರಳುತ್ತದೆ. ಹೀಗೆ ಸಾವುಗಳು ಲೆಕ್ಕಕ್ಕೇ ಬಾರದಿದ್ದರೆ, ನಾಳೆ ಸಣ್ಣ ಕಾಮಗಾರಿಗಳಲ್ಲಿ ಅಪಾಯ ಕಡಿಮೆ ಎಂದು ಅದೇ ಅಂಕಿಅಂಶ ತೋರಿಸಿ ಮಿತಿಯನ್ನು ಇನ್ನಷ್ಟು ಏರಿಸಬಹುದು. ಅಧಿಸೂಚನೆಯಿಂದ ಏರಿಸಲು ಸಂಹಿತೆಯಲ್ಲೇ ಅವಕಾಶವಿದೆ.

ಕಾರ್ಮಿಕ ವಿಷಯ ಸಮವರ್ತಿ ಪಟ್ಟಿಯಲ್ಲಿದೆ, ರಾಜ್ಯ ತಿದ್ದುಪಡಿ ತರಬಹುದು. ಅದು ತಡವಾಗುವುದಾದರೆ ನಕ್ಷೆ ಮಂಜೂರಾತಿಯಿಂದಲೇ ಶುರು ಮಾಡಲಿ. ಎಷ್ಟು ಅಂತಸ್ತು ಏಳಲಿದೆ ಎಂಬುದು ಪಾಲಿಕೆಗೆ ಮೊದಲೇ ಗೊತ್ತಿರುತ್ತದೆ. ಮೂರು ಮೀಟರ್ ಮೀರಿದ ಕೆಲಸಕ್ಕೆ ಅಂಚಿನ ತಡೆಕಂಬಿ, ಮೈಗೆ ಬಿಗಿಯುವ ಸೇಫ್ಟಿ ಬೆಲ್ಟ್, ಕಾಂಕ್ರೀಟು ಸುರಿಯುವ ಮುನ್ನ ಜಾಕಿಗಳನ್ನು ನೋಡಿ ಎಂಜಿನಿಯರ್ ಹಾಕಿದ ಸಹಿ: ಈ ಮೂರನ್ನು ಪರವಾನಗಿಯ ಷರತ್ತಾಗಿ ಸೇರಿಸಬೇಕು. ಮಳೆಗಾಲ ಬಂದು ಪಾಯದ ಮಣ್ಣು ಮೆತ್ತಗಾಗುವುದಕ್ಕೆ ಮುಂಚೆಯೇ ಇದು ಆಗಬೇಕು.