ಪಂಪು ನೀರನ್ನು ಎಳೆಯುವುದಿಲ್ಲ, ಗಾಳಿ ನೂಕುತ್ತದೆ

ಮಂಗಳೂರು ಸುತ್ತಮುತ್ತ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಆದರೂ ಮಾರ್ಚ್-ಏಪ್ರಿಲ್ ತಿಂಗಳು ಬಂತೆಂದರೆ ಮುರಕಲ್ಲಿನ ಬಾವಿಗಳಲ್ಲಿ ನೀರು ತಳ ಸೇರುತ್ತದೆ. ಜನವರಿಯಲ್ಲಿ ಚೆನ್ನಾಗಿ ನೀರೆತ್ತುತ್ತಿದ್ದ ಪಂಪ್‌ಸೆಟ್ಟು ಆಗ ಬರಿದೇ ಸದ್ದು ಮಾಡುತ್ತದೆ. ಬಾವಿಯಲ್ಲಿ ನೀರು ಕಣ್ಣಿಗೆ ಕಾಣುತ್ತಿದ್ದರೂ ಅಡಿಕೆ ಮರದ ಬುಡ ಒಣಗುತ್ತಿರುತ್ತದೆ. ಪಂಪಿಗೆ ಶಕ್ತಿ ಸಾಲದೆಂದು ಭಾವಿಸಿ 3 ಅಶ್ವಶಕ್ತಿಯ ಬದಲು 5 ಅಶ್ವಶಕ್ತಿಯದನ್ನು ಕೊಂಡು ತರುವ ರೈತರಿದ್ದಾರೆ. ಅದೂ ನೀರೆತ್ತದಿದ್ದಾಗ ಸಾಲ ಮಾತ್ರ ಉಳಿಯುತ್ತದೆ. ಹೀಗೇಕೆ ಆಗುತ್ತದೆಂಬುದನ್ನು ತಿಳಿದರೆ ಈ ಖರ್ಚನ್ನು ತಪ್ಪಿಸಬಹುದು.

ಗಾಳಿಗೂ ಭಾರವಿದೆ

ನಮ್ಮ ಸುತ್ತಲಿನ ಗಾಳಿಗೆ ಭಾರವಿದೆ. ಸಮುದ್ರ ಮಟ್ಟದಲ್ಲಿರುವ ಮಂಗಳೂರಿನಲ್ಲಿ ಅದು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕಿಲೋಗ್ರಾಂ ಭಾರದಷ್ಟು ಒತ್ತುತ್ತಿರುತ್ತದೆ. ಬಾವಿಯ ನೀರಿನ ಮೇಲೂ ಈ ಒತ್ತಡವಿದೆ. ದಡದಲ್ಲಿಟ್ಟ ಸೆಂಟ್ರಿಫ್ಯೂಗಲ್ ಪಂಪಿನ ಚಕ್ರ ತಿರುಗಿದಾಗ ಅದರ ಬಾಯಲ್ಲಿ ಒತ್ತಡ ಕಡಿಮೆಯಾಗುತ್ತದೆ. ಹೊರಗಿನ ಗಾಳಿ ಬಾವಿಯ ನೀರನ್ನು ಕೊಳವೆಯೊಳಗೆ ಮೇಲಕ್ಕೆ ನೂಕುತ್ತದೆ. ಸ್ಟ್ರಾ ಹಾಕಿ ಬೊಂಡದ ನೀರು ಕುಡಿಯುವಾಗ ಆಗುವುದೂ ಇದೇ.

ಇಟಲಿಯ ವಿಜ್ಞಾನಿ ಟಾರಿಚೆಲ್ಲಿಯ 1643ರ ಪ್ರಯೋಗ ಇದಕ್ಕೆ ಸಾಕ್ಷಿ. ಗಾಳಿಯ ಒತ್ತಡ 76 ಸೆಂ.ಮೀ. ಎತ್ತರದ ಪಾದರಸವನ್ನು ಎತ್ತಿ ಹಿಡಿಯುತ್ತದೆ. ಪಾದರಸ ನೀರಿಗಿಂತ 13.6 ಪಟ್ಟು ಭಾರ. ಆದ್ದರಿಂದ ಅದೇ ಒತ್ತಡ ಹಿಡಿದು ನಿಲ್ಲಿಸಬಲ್ಲ ನೀರಿನ ಎತ್ತರ ಸುಮಾರು 10.3 ಮೀಟರ್, ಅಂದರೆ 34 ಅಡಿ. ಎಷ್ಟೇ ಅಶ್ವಶಕ್ತಿಯ ಪಂಪನ್ನು ದಡದಲ್ಲಿಟ್ಟರೂ ಈ ಮಿತಿಯನ್ನು ಮೀರಲಾರದು. ಕೊಳವೆಯ ಘರ್ಷಣೆ, ಫುಟ್ ವಾಲ್ವಿನ ತಡೆ ಮುಂತಾದವುಗಳನ್ನು ಕಳೆದರೆ ವ್ಯವಹಾರದಲ್ಲಿ ಸಿಗುವುದು 6ರಿಂದ 7 ಮೀಟರ್ ಮಾತ್ರ.

ಘಟ್ಟ ಹತ್ತಿದಂತೆ ಗಾಳಿಯ ಒತ್ತಡವೂ ಇಳಿಯುತ್ತದೆ. ಪ್ರತಿ 100 ಮೀಟರ್ ಎತ್ತರಕ್ಕೆ ಸುಮಾರು 12 ಸೆಂ.ಮೀ. ನೀರಿನಷ್ಟು ಒತ್ತಡ ಕಡಿಮೆಯಾಗುವುದರಿಂದ, ಮಡಿಕೇರಿಯಲ್ಲಿ ಮೇಲೆ ಹೇಳಿದ 10.3 ಮೀಟರ್ ಮಿತಿ ಸುಮಾರು 9 ಮೀಟರಿಗೆ ಇಳಿಯುತ್ತದೆ.

ಪ್ರೆಶರ್ ಕುಕ್ಕರೂ ಪಂಪೂ

ಒತ್ತಡಕ್ಕೂ ನೀರಿನ ಕುದಿತಕ್ಕೂ ಸಂಬಂಧವಿದೆ. ಕುಚ್ಚಲಕ್ಕಿ ತೆರೆದ ಪಾತ್ರೆಯಲ್ಲಿ ನಿಧಾನವಾಗಿ ಬೇಯುತ್ತದೆ, ಕುಕ್ಕರಿನಲ್ಲಿ ಬೇಗ ಬೇಯುತ್ತದೆ. ಮಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಆಮೇಲೆ ಎಷ್ಟು ಸೌದೆ ಉರಿಸಿದರೂ ಉಷ್ಣತೆ ಏರುವುದಿಲ್ಲ. ಆ ಶಾಖವೆಲ್ಲ ನೀರನ್ನು ಆವಿ ಮಾಡಲು ವೆಚ್ಚವಾಗುತ್ತದೆ. ಕುಕ್ಕರಿನೊಳಗೆ ಒತ್ತಡ ಹೆಚ್ಚಾಗುವುದರಿಂದ ನೀರು ಸುಮಾರು 120 ಡಿಗ್ರಿಯವರೆಗೆ ಕಾಯಬಲ್ಲದು.

ಪಂಪಿನ ಬಾಯಲ್ಲಿ ಇದರ ವಿರುದ್ಧ ನಡೆಯುತ್ತದೆ. ನೀರು ತೀರ ಕೆಳಗಿದ್ದಾಗ ಅಲ್ಲಿ ಒತ್ತಡ ಎಷ್ಟು ಇಳಿಯುತ್ತದೆಂದರೆ, 30 ಡಿಗ್ರಿಯ ತಣ್ಣನೆಯ ಬಾವಿ ನೀರೇ ಕುದಿದು ಆವಿಯ ಗುಳ್ಳೆಗಳಾಗುತ್ತದೆ. ಈ ಗುಳ್ಳೆಗಳು ಮುಂದೆ ಹೆಚ್ಚಿನ ಒತ್ತಡದ ಭಾಗಕ್ಕೆ ಹೋಗಿ ಒಡೆಯುವಾಗ ಪಂಪಿನಲ್ಲಿ ಜಲ್ಲಿ ಹಾಕಿ ಅಲುಗಾಡಿಸಿದಂತೆ ಸದ್ದು ಬರುತ್ತದೆ. ಕ್ರಮೇಣ ಇಂಪೆಲ್ಲರಿನಲ್ಲಿ ಕುಳಿಗಳು ಬೀಳುತ್ತವೆ.

ನೀರೆತ್ತದ ಪಂಪನ್ನು ಓಡಿಸುತ್ತಲೇ ಇದ್ದರೆ ಒಳಗೆ ಉಳಿದ ನೀರು ಕಾಯುತ್ತದೆ. ನೀರು ಕಾದಷ್ಟೂ ಆವಿ ಹೆಚ್ಚು. 60 ಡಿಗ್ರಿಗೆ ಕಾದ ನೀರಿನ ಆವಿಯ ಒತ್ತಡವೇ 2 ಮೀಟರ್ ನೀರಿಗೆ ಸಮ. ಹೀರುವ ಎತ್ತರದಲ್ಲಿ ಅಷ್ಟೂ ನಷ್ಟ. ಸೀಲು ಸುಡುವ ಭಯ ಬೇರೆ. ಆದ್ದರಿಂದ ನೀರು ಬಾರದಿದ್ದರೆ ತಕ್ಷಣ ಸ್ವಿಚ್ ಆರಿಸಬೇಕು.

ಪರಿಹಾರವೇನು?

ದಡದಿಂದ 9 ಮೀಟರ್ ಕೆಳಗೆ ನೀರಿದೆಯೆಂದು ಇಟ್ಟುಕೊಳ್ಳೋಣ. ದಡದ ಪಂಪು ಇದನ್ನು ಎತ್ತದು. ಅದೇ ವಿದ್ಯುತ್ ಪಂಪನ್ನು ಬಾವಿಯೊಳಗೆ 4 ಮೀಟರ್ ಕೆಳಗೆ ಭದ್ರವಾದ ಕಟ್ಟೆಯ ಮೇಲೆ ಕೂರಿಸಿದರೆ ಹೀರಬೇಕಾದ ಎತ್ತರ 5 ಮೀಟರ್ ಮಾತ್ರ. ಉಳಿದ ಎತ್ತರಕ್ಕೆ ಪಂಪೇ ನೀರನ್ನು ನೂಕುತ್ತದೆ. ಅಲ್ಲಿ ಗಾಳಿಯ ಮಿತಿ ಇಲ್ಲ. ನೀರು ಏರಬೇಕಾದ ಒಟ್ಟು ಎತ್ತರ ಮೊದಲಿನಷ್ಟೇ ಇರುವುದರಿಂದ ಹೆಚ್ಚಿನ ಅಶ್ವಶಕ್ತಿ ಬೇಕಿಲ್ಲ. ಮಳೆಗಾಲದಲ್ಲಿ ಬಾವಿ ತುಂಬುವ ಮುನ್ನ ಪಂಪನ್ನು ಮೇಲಕ್ಕೆತ್ತಬೇಕು. ನೀರಿನಲ್ಲಿ ಮುಳುಗಿಯೇ ಕೆಲಸ ಮಾಡುವ ಸಬ್‌ಮರ್ಸಿಬಲ್ ಪಂಪಿಗೆ ಹೀರುವ ತೊಂದರೆಯೇ ಇಲ್ಲ.

ಎಚ್ಚರಿಕೆ: ಡೀಸೆಲ್ ಅಥವಾ ಸೀಮೆಎಣ್ಣೆ ಎಂಜಿನನ್ನು ಎಂದಿಗೂ ಬಾವಿಯೊಳಗೆ ಇಳಿಸಿ ಓಡಿಸಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಇಳಿದವರು ಎಚ್ಚರ ತಪ್ಪುತ್ತಾರೆ; ಅವರನ್ನು ಎತ್ತಲು ಇಳಿದವರೂ ಪ್ರಾಣ ಕಳೆದುಕೊಳ್ಳುತ್ತಾರೆ.

ಪಂಪಿಲ್ಲದೆಯೂ ಒತ್ತಡ

ಗುಡ್ಡದ ಇಳಿಜಾರಿನಲ್ಲಿ ತೋಟವಿರುವವರಿಗೆ ಇನ್ನೊಂದು ಅನುಕೂಲವಿದೆ. ನೀರು 10 ಮೀಟರ್ ಕೆಳಗಿಳಿದರೆ ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಂ ಒತ್ತಡ ಸಿಗುತ್ತದೆ. ಟ್ಯಾಂಕು ದೊಡ್ಡದೋ ಚಿಕ್ಕದೋ ಎಂಬುದು ಮುಖ್ಯವಲ್ಲ, ಅದರ ಎತ್ತರ ಮುಖ್ಯ. ಬಂಟ್ವಾಳ ತಾಲೂಕಿನ ಅಡ್ಯನಡ್ಕ ಸಮೀಪದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ತಾವೇ ಸುರಂಗ ಕೊರೆದರು. ಮೊದಲಿನ ಸುರಂಗಗಳಲ್ಲಿ ನೀರು ಸಿಗದಿದ್ದರೂ ಬಿಡದೆ, ಕೊನೆಗೆ ನೀರು ಪಡೆದು ತೋಟ ಎಬ್ಬಿಸಿದರು. ಅವರಿಗೆ 2022ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಸುರಂಗದ ನೀರು ತಾನಾಗಿಯೇ ಹರಿದು ಬರುವುದರಿಂದ ಅದಕ್ಕೆ ವಿದ್ಯುತ್ತಿನ ಹಂಗಿಲ್ಲ.

ಗಮನಿಸಬೇಕಾದ ಅಂಶಗಳು

1. ಹೊಸ ಪಂಪು ಕೊಳ್ಳುವ ಮೊದಲು ಏಪ್ರಿಲ್ ಕೊನೆಯಲ್ಲಿ ಪಂಪಿನಿಂದ ನೀರಿಗೆ ಇರುವ ಎತ್ತರವನ್ನು ಹಗ್ಗ ಇಳಿಸಿ ಅಳೆಯಿರಿ. 6 ಮೀಟರ್ ಮೀರಿದ್ದರೆ ಪಂಪನ್ನು ಕೆಳಗಿಳಿಸಿ.

2. ಹೀರು ಕೊಳವೆಯಲ್ಲಿ ಬಿರುಕಿದ್ದರೆ ಪಂಪು ಓಡುವಾಗ ನೀರು ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಪಂಪು ನಿಲ್ಲಿಸಿ, ಕೊಳವೆಗೆ ನೀರು ತುಂಬಿಸಿ ಪರೀಕ್ಷಿಸಿ. ಸೋರುವ ಜಾಗ ಆಗ ಕಾಣುತ್ತದೆ.

3. ಹೀರು ಕೊಳವೆ ಆದಷ್ಟು ಗಿಡ್ಡವಾಗಿ, ನೇರವಾಗಿ, ಸಾಕಷ್ಟು ಅಗಲವಾಗಿರಲಿ. ಬೆಂಡುಗಳು ಕಡಿಮೆಯಿರಲಿ. ಫುಟ್ ವಾಲ್ವಿನ ಜಾಳಿಗೆಯಲ್ಲಿ ಸಿಕ್ಕಿದ ಕಸವನ್ನು ಆಗಾಗ ತೆಗೆಯಿರಿ.